ಸಾಲದ ಓದೂ ರಾಜ್ಯಶಾಸ್ತ್ರದ ಪದವಿಯೂ

ರಾಜ್ಯಶಾಸ್ತ್ರವನ್ನು ಓದಿದ ಹುಡುಗಿಗೆ ಏನು ದೊರೆತೀತೆಂದು ಹೆತ್ತವರು ನಮ್ಮನ್ನು ಕೇಳುವುದುಂಟು. ಆ ವಿಷಯವು ಹೀನವೆಂದು ನಾವು ಒಪ್ಪಲಾರೆವು. ತೂಗಿ ನೋಡತಕ್ಕದ್ದು ಅದಕ್ಕಾಗಿ ಮಾಡುವ ಸಾಲವನ್ನು. 5 ಲಕ್ಷ ರೂಪಾಯಿಗಳನ್ನು ನೂರಕ್ಕೆ 10ರ ವಾರ್ಷಿಕ ಬಡ್ಡಿಗೆ ತಂದು 10 ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 6,600 ರೂಪಾಯಿಗಳಾಗುವುದು. ಓದುವ ಕಾಲದ ಬಡ್ಡಿಯು ಬೇರೆ. ಮೊದಲ ಸಂಬಳವು 20,000 ಆದರೆ ಮೂರರಲ್ಲೊಂದು ಪಾಲು ಬ್ಯಾಂಕಿಗೇ ಸಲ್ಲುವುದು. ವರದಕ್ಷಿಣೆಯ ಸಾಲಕ್ಕಿಂತ ಇದು ಮೇಲೆಂಬುದೇನೋ ನಿಜವೇ! ಆದರೆ ಕೆ.ಎ.ಎಸ್., ಐ.ಎ.ಎಸ್. ಪರೀಕ್ಷೆಗಳಿಗೆ ಮಾನ್ಯ ವಿಶ್ವವಿದ್ಯಾನಿಲಯದ ಯಾವ ಪದವಿಯಾದರೂ ಸಾಕು. ಕಾಲೇಜಿನ ಕಟ್ಟಡದ ಅಂದವನ್ನು ಅಲ್ಲಿ ಯಾರೂ ವಿಚಾರಿಸರು. ಅದೇ ಬಿ.ಎ. ಪದವಿಯನ್ನು ಸರಕಾರಿ ಕಾಲೇಜಿನಲ್ಲಿ ಅಲ್ಪ ವೆಚ್ಚದಿಂದ ಪಡೆಯಬಹುದು. ಸಾಲವು ಬೇಕೇ ಆದಲ್ಲಿ, ಅದು ಉಪನ್ಯಾಸಕಿಯಾಗಲು ಬೇಕಾದ ಎಂ.ಎ., ಬಿ.ಎಡ್.ಗಳಿಗಾಗಿ ಇರಲಿ.