ಬರಹದಲ್ಲಿ ಎರಡು, ನುಡಿಯಲ್ಲಿ ಒಂದು

ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜು ಸೇರಿದ ಮಗಳು ಕಂದುಗೆಂಪು ಬಣ್ಣದ ಹೆಸರನ್ನು ‘ರೆಡ್ಡಿಶ್-ಬ್ರೌನ್’ ಎಂದು ಓದಿದಾಗ ತರಗತಿಯಲ್ಲಿ ನಕ್ಕರೆಂದೂ, ಅಂದಿನಿಂದ ಅವಳು ಗಟ್ಟಿಯಾಗಿ ಓದುವುದನ್ನೇ ಬಿಟ್ಟಿರುವಳೆಂದೂ ಓದುಗ ತಾಯಿಯೊಬ್ಬರು ನಮಗೆ ಬರೆದಿದ್ದಾರೆ. ನಕ್ಕವರು ಆ ಉಚ್ಚಾರಣೆಯ ಕಾರಣವನ್ನು ಅರಿತಿರಲಾರರು. ಅವಳು ಕನ್ನಡದ ನಿಯಮವನ್ನು ಇಂಗ್ಲಿಷಿಗೆ ಅನ್ವಯಿಸಿದಳು, ಅಷ್ಟೆ.

ನಮ್ಮಲ್ಲಿ ದ್ವಿತ್ವವೆಂದರೆ ನಾಲಗೆ ಕ್ಷಣಕಾಲ ನಿಂತು ಮುಂದೆ ಸಾಗಬೇಕು. ಹಾಗೆ ನಿಲ್ಲದಿದ್ದರೆ ‘ಕತ್ತೆ’ಯು ‘ಕತೆ’ಯಾದೀತು! ಇಂಗ್ಲಿಷಿನಲ್ಲಾದರೋ ಈ ಪದದೊಳಗೆ ‘ಡಿ’ ಅಕ್ಷರವನ್ನು ಎರಡು ಬಾರಿ ಬರೆಯುವುದು ಹಿಂದಿನ ಸ್ವರವು ಹ್ರಸ್ವವೆಂದು ತೋರಿಸಲು ಮಾತ್ರ. ಕಿವಿಗೆ ಕೇಳುವುದು ಒಂದೇ ಡಕಾರ: ‘ರೆಡಿಶ್’. ಅಮೆರಿಕದ ವೆಬ್‌ಸ್ಟರ್ ನಿಘಂಟಿನಲ್ಲಿ ಎರಡು ‘ಡಿ’ಗಳ ನಡುವೆ ಚುಕ್ಕೆಯಿರುವುದನ್ನು ಕಂಡು ಮಕ್ಕಳು ಮತ್ತಷ್ಟು ಗೊಂದಲಕ್ಕೀಡಾಗುವುದುಂಟು. ಆ ಚುಕ್ಕೆಯು ಸಾಲಿನ ಕೊನೆಯಲ್ಲಿ ಪದವನ್ನು ಎಲ್ಲಿ ಮುರಿಯಬಹುದೆಂಬುದರ ಗುರುತು. ಉಚ್ಚಾರಣೆಯನ್ನು ಪಕ್ಕದ ಧ್ವನಿಸಂಕೇತಗಳಲ್ಲಿಯೇ ನೋಡತಕ್ಕದ್ದು.

ಆದರೆ ಕೆಂಪು ಬಣ್ಣ ಕಟ್ಟಿದ ಬಟ್ಟೆಯನ್ನು ‘ರೆಡ್-ಡೈಡ್’ ಎನ್ನುವಲ್ಲಿ ಒಂದು ಡಕಾರ ಪೂರ್ವಪದದ್ದು, ಇನ್ನೊಂದು ಉತ್ತರಪದದ್ದು. ಅಲ್ಲಿ ನಾಲಗೆ ನಮ್ಮ ದ್ವಿತ್ವದಂತೆಯೇ ನಿಲ್ಲುತ್ತದೆ. ಕನ್ನಡದ ಮಕ್ಕಳಿಗೆ ಇದು ಸಹಜಸಾಧ್ಯ.

‘ಪರ್ಪಲ್’ ಎಂಬ ನೇರಳೆಯ ಹೆಸರು ಇನ್ನೂ ಸ್ವಾರಸ್ಯಕರ. ಹಲವರ ನುಡಿಯಲ್ಲಿ ಅದರ ಎರಡನೆಯ ಉಚ್ಚಾರಾಂಶಕ್ಕೆ ಸ್ವರವೇ ಇಲ್ಲ. ಲಕಾರವೇ ಸ್ವರದ ಸ್ಥಾನದಲ್ಲಿ ಕುಳಿತಿರುತ್ತದೆ. ಹಳೆಯ ವರ್ಣಮಾಲೆಯಲ್ಲಿ ‘ಌ’ ಕಾರವನ್ನು ತಿದ್ದಿದ ಹಿರಿಯರಿಗೆ ಇದು ಹೊಸತೆನಿಸದು.

ನಿಜವಾದ ಕಷ್ಟ ಸ್ವರಾಘಾತದ್ದು. ನಮ್ಮ ಛಂದಸ್ಸು ಗುರುಲಘುಗಳನ್ನು ಮಾತ್ರೆಯಿಂದ ಅಳೆಯುತ್ತದೆ. ಇಂಗ್ಲಿಷಿನ ಲಯವು ಆಘಾತವನ್ನು ಅವಲಂಬಿಸಿದೆ. ಅಂಗಿಯು ‘ಡಾರ್ಕ್ ಬ್ಲೂ’ ಎಂದು ವಾಕ್ಯವನ್ನು ಮುಗಿಸುವಾಗ ಮುಖ್ಯ ಆಘಾತ ‘ಬ್ಲೂ’ ಮೇಲೆ ಬೀಳುತ್ತದೆ. ‘ಡಾರ್ಕ್-ಬ್ಲೂ ಶರ್ಟ್’ ಎಂದು ವಿಶೇಷಣವನ್ನು ನಾಮಪದದೊಡನೆ ಜೋಡಿಸಿದಾಗಲಾದರೋ ಅದು ಸಾಮಾನ್ಯವಾಗಿ ‘ಡಾರ್ಕ್’ ಕಡೆಗೆ ಸರಿಯುತ್ತದೆ. ‘ಶರ್ಟ್’ ಪದಕ್ಕೂ ಆಘಾತವಿರುವುದರಿಂದ ಎರಡು ಪೆಟ್ಟುಗಳು ಬೆನ್ನುಬೆನ್ನಿಗೆ ಬೀಳದಿರಲೆಂಬುದೇ ಇದರ ಮರ್ಮ.

ಇದನ್ನು ಪುಸ್ತಕದಿಂದ ಕಲಿಯುವುದಕ್ಕಿಂತ ಭಜನೆಯಲ್ಲಿ ತಾಳ ಹಾಕಿದಂತೆ ಕೈತಟ್ಟಿ ಕಲಿಯುವುದು ಲೇಸೆಂದು ನಮ್ಮ ಅಭಿಪ್ರಾಯ. ಸಂಜೆ ಹತ್ತು ನಿಮಿಷ ಮಕ್ಕಳು ಮನೆಯಲ್ಲಿ ಗಟ್ಟಿಯಾಗಿ ಓದಲಿ. ಇಂಗ್ಲಿಷ್ ಬಾರದ ಅಜ್ಜಿಯಾದರೂ ಚಿಂತೆಯಿಲ್ಲ, ಎದುರಿಗೆ ಕುಳಿತು ನಗದೆ ಕೇಳಲಿ.