ಅಳತೆ ಶರ್ಟು ಇಲ್ಲದವರು

1857ರ ಮೇ ತಿಂಗಳಲ್ಲಿ ಪ್ಯಾರಿಸ್ ಪೊಲೀಸರು ಚಿತ್ರ ಕಲಾವಿದೆ ರೋಸಾ ಬೊನ್ಹರ್ ಕೈಗೆ ಒಂದು ಪರವಾನಗಿ ಚೀಟಿ ಕೊಟ್ಟರು. ಪ್ಯಾಂಟು ತೊಡುವುದಕ್ಕೆ ಪರವಾನಗಿ. ಕಾರಣ: ಆರೋಗ್ಯ. ಷರತ್ತು: ಆ ಉಡುಪಿನಲ್ಲಿ ನಾಟಕ, ನೃತ್ಯಕೂಟ, ಸಾರ್ವಜನಿಕ ಸಭೆಗಳಿಗೆ ಕಾಲಿಡಕೂಡದು. ಅವಧಿ ಆರು ತಿಂಗಳು, ಆಮೇಲೆ ನವೀಕರಣ. ಕುದುರೆ ಸಂತೆಯಲ್ಲಿ, ಕಸಾಯಿಖಾನೆಯಲ್ಲಿ ನಿಂತು ಪ್ರಾಣಿಗಳ ಚಿತ್ರ ಬರೆಯುತ್ತಿದ್ದ ಬೊನ್ಹರ್‌ಗೆ ನೆಲ ಗುಡಿಸುವ ಲಂಗ ತೊಟ್ಟು ಆ ಕೆಲಸ ಮಾಡುವುದು ಆಗದ ಮಾತಾಗಿತ್ತು. ಹೆಂಗಸರು ಗಂಡಸರ ಬಟ್ಟೆ ತೊಡಲು ಪೊಲೀಸರ ಅಪ್ಪಣೆ ಬೇಕೆಂಬ ಆದೇಶ ಹೊರಟದ್ದು 1800ರಲ್ಲಿ. ಅದಕ್ಕಿನ್ನು ಕಾನೂನಿನ ಬೆಲೆ ಇಲ್ಲವೆಂದು ಫ್ರಾನ್ಸ್ ಸರ್ಕಾರ ಹೇಳಿದ್ದು 2013ರಲ್ಲಿ.

ಚೀಟಿ ಕೊಡುವ ಪದ್ಧತಿ ಹೋಯಿತು. ಕಾರಣ ಕೇಳುವ ಪದ್ಧತಿ ಹಲವೆಡೆ ಉಳಿದುಕೊಂಡಿದೆ.

ಕರ್ನಾಟಕವನ್ನೇ ನೋಡಬಹುದು. 1958ರಲ್ಲಿ ಆರ್. ನಾಗರತ್ನಮ್ಮ ಮೈಸೂರಿನಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಎಲ್ಲ ಪಾತ್ರಗಳನ್ನೂ ಹೆಂಗಸರೇ ಮಾಡುತ್ತಿದ್ದರು. ಸ್ವತಃ ನಾಗರತ್ನಮ್ಮ ಮೀಸೆ ಅಂಟಿಸಿ, ಗದೆ ಹೊತ್ತು ಭೀಮನಾದರು, ಕಂಸನಾದರು. ಜನ ಟಿಕೆಟ್ ಕೊಂಡು ಬಂದು ಚಪ್ಪಾಳೆ ತಟ್ಟಿದರು. 2012ರಲ್ಲಿ ಪದ್ಮಶ್ರೀಯೂ ಬಂತು. 2018ರ ಅಕ್ಟೋಬರಿನಲ್ಲಿ ರಾಜ್ಯ ಪೊಲೀಸ್ ಇಲಾಖೆ ಮಹಿಳಾ ಸಿಬ್ಬಂದಿಗೆ ಸೀರೆ ಬಿಟ್ಟು ಖಾಕಿ ಪ್ಯಾಂಟು-ಶರ್ಟು ತೊಡಲು ಹೇಳಿತು. ಕಳ್ಳನ ಹಿಂದೆ ಓಡಬೇಕಾದವರಿಗೆ ನೆರಿಗೆ ಅಡ್ಡವೆಂಬ ಕಾರಣ ಇತ್ತು. ಪಾತ್ರಕ್ಕಾದರೆ ಸರಿ, ಕೆಲಸಕ್ಕಾದರೂ ಸರಿ. ‘ನನಗೆ ಇದೇ ಇಷ್ಟ’ ಎಂದು ಹೇಳಿ ಒಬ್ಬಾಕೆ ಕ್ರಾಪು ಕತ್ತರಿಸಿಕೊಂಡು, ತೋಳು ಮಡಚಿದ ಶರ್ಟು ತೊಟ್ಟು ಮದುವೆ ಮನೆಗೆ ಬಂದಾಗ ಮಾತ್ರ ಪಂಕ್ತಿಯಲ್ಲಿ ಪಿಸುಮಾತು ಏಳುತ್ತದೆ.

ಹಾಗೆ ಕಾರಣ ಕೊಡದೆ ತೊಟ್ಟವರದೇ ಒಂದು ಚರಿತ್ರೆ ಇದೆ. ಇಂಗ್ಲಿಷ್ ಮಾತಾಡುವ ದೇಶಗಳಲ್ಲಿ ಅವರನ್ನು ‘ಬುಚ್’ ಎನ್ನುತ್ತಾರೆ. ಹೆಂಗಸರನ್ನು ಪ್ರೀತಿಸುವ ಹೆಂಗಸರ ನಡುವೆ, ಗಂಡಸರದೆಂದು ಲೋಕ ಗೆರೆ ಎಳೆದಿಟ್ಟ ಉಡುಪು, ನಡಿಗೆ, ಕ್ಷೌರವನ್ನು ತನ್ನದು ಮಾಡಿಕೊಂಡವಳು ಬುಚ್. ಟ್ರಾನ್ಸ್ ಪುರುಷ ತಾನು ಗಂಡು ಎನ್ನುತ್ತಾನೆ. ಬುಚ್ ಹೆಚ್ಚಿನ ಪಾಲು ತಾನು ಹೆಣ್ಣೇ, ಆದರೆ ಹೆಣ್ಣೆಂದರೆ ಹೀಗೂ ಇರಬಹುದು ಎನ್ನುತ್ತಾಳೆ. ಇವೆರಡರ ನಡುವೆ ಬೇಲಿ ಗಟ್ಟಿಯಾಗಿಲ್ಲ. ದಾಟಿದವರೂ ಇದ್ದಾರೆ, ಎರಡೂ ಕಡೆ ಕಾಲಿಟ್ಟವರೂ ಇದ್ದಾರೆ.

ಈ ಬದುಕು ದಾಖಲಾಗಿರುವ ಊರುಗಳಲ್ಲಿ ಮುಖ್ಯವಾದದ್ದು ನ್ಯೂಯಾರ್ಕ್ ರಾಜ್ಯದ ಬಫಲೋ. ಉಕ್ಕಿನ, ಕಾರ್ಖಾನೆಗಳ ಊರು. ಎಲಿಜಬೆತ್ ಕೆನಡಿ ಮತ್ತು ಮ್ಯಾಡೆಲಿನ್ ಡೇವಿಸ್ ಅಲ್ಲಿನ ಹಿರಿಯ ಹೆಂಗಸರನ್ನು ವರ್ಷಗಟ್ಟಲೆ ಮಾತಾಡಿಸಿ 1993ರಲ್ಲಿ ಒಂದು ದೊಡ್ಡ ಪುಸ್ತಕ ತಂದರು. ಎರಡನೇ ಮಹಾಯುದ್ಧದಲ್ಲಿ ಗಂಡಸರು ರಣರಂಗಕ್ಕೆ ಹೋದಾಗ ಹೆಂಗಸರು ಪ್ಯಾಂಟು ತೊಟ್ಟು ಕಾರ್ಖಾನೆಗೆ ಹೋದರು. ಆಗ ಅದು ದೇಶಸೇವೆ. ಯುದ್ಧ ಮುಗಿದ ಮೇಲೂ ಅದೇ ಪ್ಯಾಂಟಿನಲ್ಲಿ ಬೀದಿಗೆ ಬಂದವರಿಗೆ ಏಟು ಬಿತ್ತು. ವಾರವೆಲ್ಲ ದುಡಿದು ಶನಿವಾರ ಸಂಜೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಶರ್ಟು, ಕಫ್‌ಲಿಂಕು ತೊಟ್ಟು ಈ ಹೆಂಗಸರು ಬಾರುಗಳಲ್ಲಿ ಸೇರುತ್ತಿದ್ದರು. ಕುಡಿತ ಅಲ್ಲಿ ನೆಪವಷ್ಟೇ. ತಮ್ಮಂಥವರು ಇನ್ನೂ ಇದ್ದಾರೆಂದು ಕಣ್ಣಾರೆ ಕಾಣಲು ಊರಲ್ಲಿ ಬೇರೆ ಜಾಗ ಹೆಚ್ಚು ಇರಲಿಲ್ಲ. ಇದೇ ಬಫಲೋದ ಕಾರ್ಖಾನೆ ಮತ್ತು ಬಾರುಗಳ ನಡುವೆ ಬೆಳೆದ ಲೆಸ್ಲಿ ಫೈನ್‌ಬರ್ಗ್ ಅವರ ‘ಸ್ಟೋನ್ ಬುಚ್ ಬ್ಲೂಸ್’ ಕಾದಂಬರಿಯೂ 1993ರಲ್ಲೇ ಬಂತು.

ಪೊಲೀಸರು ಆ ಬಾರುಗಳಿಗೆ ನುಗ್ಗುತ್ತಿದ್ದರು. ಮೈಮೇಲೆ ಹೆಂಗಸರದೆನ್ನುವ ಮೂರು ಉಡುಪಾದರೂ ಇರಬೇಕು, ಇಲ್ಲದಿದ್ದರೆ ಬಂಧನ ಎಂಬ ನಿಯಮವನ್ನು ಅಂದಿನವರು ಇಂದಿಗೂ ನೆನೆಯುತ್ತಾರೆ. ಅಂಥ ಲಿಖಿತ ಕಾನೂನು ಚರಿತ್ರೆಕಾರರ ಕೈಗೆ ಸಿಕ್ಕಿಲ್ಲ. ಸಿಕ್ಕಿರುವುದು ವೇಷ ಮರೆಸಿಕೊಳ್ಳುವುದರ ವಿರುದ್ಧ ನ್ಯೂಯಾರ್ಕ್ ರಾಜ್ಯ 1845ರಲ್ಲಿ ಮಾಡಿದ ಕಾನೂನು. ಅದು ಹುಟ್ಟಿದ್ದು ಗೇಣಿ ಕೊಡಲೊಲ್ಲದ ಹಡ್ಸನ್ ಕಣಿವೆಯ ರೈತರು ಮೂಲನಿವಾಸಿಗಳ ವೇಷ ತೊಟ್ಟು ಅಧಿಕಾರಿಗಳ ಮೇಲೆ ಬೀಳುತ್ತಿದ್ದಾಗ. ರೈತರ ಮೇಲೆ ಬೀಸಿದ ಬಲೆಯಲ್ಲಿ ನೂರು ವರ್ಷದ ಮೇಲೆ ಶರ್ಟು ತೊಟ್ಟ ಹೆಂಗಸರು ಸಿಕ್ಕಿಬಿದ್ದರು.

ವೇದಿಕೆಗೂ ಬೀದಿಗೂ ಇರುವ ಅಂತರವನ್ನು ತೋರಿಸಲು ನ್ಯೂಯಾರ್ಕಿನ ಸ್ಟಾರ್ಮೇ ಡಿಲಾರ್ವರಿ ಒಬ್ಬರು ಸಾಕು. 1950-60ರ ದಶಕದಲ್ಲಿ ‘ಜ್ಯುವೆಲ್ ಬಾಕ್ಸ್ ರೆವ್ಯೂ’ ಎಂಬ ತಂಡದಲ್ಲಿ ಗಂಡಸರೆಲ್ಲ ಹೆಣ್ಣುವೇಷ ಕಟ್ಟುತ್ತಿದ್ದರು. ಸೂಟು ತೊಟ್ಟು ನಿರೂಪಣೆ ಮಾಡುತ್ತಿದ್ದ ಸ್ಟಾರ್ಮೇ ಅಲ್ಲಿದ್ದ ಒಬ್ಬಳೇ ಹೆಂಗಸು. ಪರದೆ ಬಿದ್ದ ಮೇಲೂ ಸ್ಟಾರ್ಮೇ ಸೂಟು ಕಳಚಲಿಲ್ಲ. ಮುಂದೆ ನಗರದ ಲೆಸ್ಬಿಯನ್ ಬಾರುಗಳ ಬಾಗಿಲಲ್ಲಿ ಕಾವಲು ನಿಂತು, ಇಳಿವಯಸ್ಸಿನಲ್ಲೂ ಒಳಗಿನ ಹುಡುಗಿಯರನ್ನು ಕಾಯ್ದರು. 2014ರಲ್ಲಿ ತೀರಿಕೊಂಡರು.

ಏಟು ಬಿದ್ದದ್ದು ಹೊರಗಿನವರಿಂದ ಮಾತ್ರವಲ್ಲ. ಬುಚ್ ಹೆಂಗಸರು ಗಂಡಸರ ನಕಲು ಮಾಡುತ್ತಿದ್ದಾರೆ ಎಂದು 1970ರ ದಶಕದ ಸ್ತ್ರೀವಾದಿಗಳೇ ಕೆಲವರು ಮೂದಲಿಸಿದರು. ಗಂಡನ ದಬ್ಬಾಳಿಕೆ ಬೇಡವೆಂದು ಹೊರಟವರು ಗಂಡನ ಅಂಗಿಯನ್ನೇಕೆ ಹೊತ್ತುಕೊಂಡು ಬರಬೇಕು ಎಂಬ ವಾದ. 1981ರಲ್ಲಿ ಜೋನ್ ನೆಸ್ಲ್ ಬರೆದ ಲೇಖನ ಇದಕ್ಕೆ ನೇರ ಉತ್ತರ ಕೊಟ್ಟಿತು: 1950ರ ದಶಕದಲ್ಲಿ ಆ ಉಡುಪಿನಲ್ಲಿ ಬೀದಿಗಿಳಿಯುವುದಕ್ಕೆ ಬೇಕಾಗಿದ್ದದ್ದು ಎದೆಗಾರಿಕೆ, ಅದನ್ನು ನಕಲು ಎನ್ನುವುದು ಅನ್ಯಾಯ. ನೆಸ್ಲ್ ಹೇಳಿದ್ದರಲ್ಲಿ ಹುರುಳಿದೆ. ನಕಲು ಮಾಡುವವರು ಏಟು ತಿಂದ ಮರುವಾರ ಮತ್ತೆ ಅದೇ ಶರ್ಟಿಗೆ ಗಂಜಿ ಹಾಕುತ್ತಾ ಕೂರುವುದಿಲ್ಲ.

ಇಂದು ಅಮೆರಿಕದಲ್ಲಾಗಲಿ ಇಲ್ಲಾಗಲಿ ಶರ್ಟು ತೊಟ್ಟದ್ದಕ್ಕೆ ಜೈಲಿಲ್ಲ. ಈಗಿನ ಗೋಳು ಅಳತೆ ಟೇಪಿನದು. ಗಂಡಸರ ಒಂದು ರೆಡಿಮೇಡ್ ಶರ್ಟನ್ನು ಮೇಜಿನ ಮೇಲೆ ಹರಡಿದರೆ ಗೊತ್ತಾಗುತ್ತದೆ. ಅದರ ಲೆಕ್ಕ ಶುರುವಾಗುವುದು ಕಾಲರಿನಿಂದ: 38, 40, 42. ಕುತ್ತಿಗೆ ದಪ್ಪವಾದಷ್ಟೂ ಭುಜ ಅಗಲ, ತೋಳು ಉದ್ದ ಎಂಬುದು ಗಂಡು ಮೈಯ ಗಣಿತ. ಎದೆಯಿಂದ ಕೆಳಕ್ಕೆ ಬಟ್ಟೆ ನೇರ ಇಳಿಯುತ್ತದೆ, ಮೈಯ ತಿರುವಿಗೆ ಬಟ್ಟೆ ಮಡಚಿ ಹೊಲಿಯುವ ಡಾಟ್ ಇಲ್ಲ. ಇದನ್ನೇ ಹೆಣ್ಣು ತೊಟ್ಟರೆ ಎದೆಗೆ ಹಿಡಿಸಿದ್ದು ಭುಜದಲ್ಲಿ ಜೋಲುತ್ತದೆ, ಕಫ್ ಬೆರಳಿನ ಗೆಣ್ಣಿಗೆ ಬರುತ್ತದೆ, ಕಾಲರಿನೊಳಗೆ ಮುಷ್ಟಿ ತೂರುತ್ತದೆ. ಭುಜಕ್ಕೆ ಸರಿಹೊಂದುವುದನ್ನು ತಂದರೆ ಎದೆಯ ಎರಡು ಗುಂಡಿಗಳ ನಡುವೆ ಬಟ್ಟೆ ಬಾಯಿ ಬಿಡುತ್ತದೆ, ಕೊನೆಯ ಗುಂಡಿ ಸೀಟಿನ ಮೇಲೆ ಕಚ್ಚಿಕೊಳ್ಳುತ್ತದೆ. ಪ್ಯಾಂಟಿನ ಕಥೆಯೂ ಅಷ್ಟೇ. ಸೀಟಿಗೆ ಸರಿಹೊಂದಿದರೆ ಸೊಂಟದ ಹಿಂದೆ ಅಂಗೈ ಹೋಗುವಷ್ಟು ಸಂದಿ. ಅಣ್ಣನ ಶರ್ಟು ತೊಟ್ಟ ತಂಗಿಯ ಹಾಗೆ ಕಾಣುವುದು ಹದಿನೈದರಲ್ಲಿ ಚೆಂದ. ನಲವತ್ತರಲ್ಲಿ ಮೀಟಿಂಗಿಗೆ ಹೋಗುವಾಗ ಅಲ್ಲ.

ಹೆಂಗಸರಿಗೆಂದೇ ಶರ್ಟು-ಪ್ಯಾಂಟು ಬರುತ್ತವಲ್ಲ ಎನ್ನಬಹುದು. ಬರುತ್ತವೆ. ಗುಂಡಿ ಎಡಕ್ಕೆ, ಕಾಲರು ಪುಟ್ಟದು, ಡಾಟ್ ಹಿಡಿದು ಸೊಂಟ ಎತ್ತಿ ತೋರಿಸುವ ಹೊಲಿಗೆ. ಎದೆಯ ಮೇಲೊಂದು ಜೇಬು ಸಿಕ್ಕರೆ ಪುಣ್ಯ. 2018ರಲ್ಲಿ ‘ದ ಪುಡ್ಡಿಂಗ್’ ಎಂಬ ಅಮೆರಿಕದ ಪತ್ರಿಕೆ 20 ಬ್ರ್ಯಾಂಡುಗಳ ಜೀನ್ಸ್ ಅಳೆದು ನೋಡಿದಾಗ ಹೆಂಗಸರ ಮುಂಜೇಬು ಗಂಡಸರದಕ್ಕಿಂತ ಸರಾಸರಿ ಶೇ 48ರಷ್ಟು ಗಿಡ್ಡ ಎಂದು ತಿಳಿಯಿತು. ಮೊಬೈಲು ಅರ್ಧ ಹೊರಗೆ ಇಣುಕುವುದು ಇದಕ್ಕೇ.

ಬುಚ್ ಹೆಂಗಸರು ಕೇಳುವುದು ಇವೆರಡೂ ಅಲ್ಲದ ಬಟ್ಟೆ: ಅಳತೆ ಹೆಣ್ಣಿನದು, ಗೆರೆ ಗಂಡಿನದು. ಕಟಿಂಗ್ ಬಲ್ಲವರಿಗೆ ಅದೇನೂ ಬ್ರಹ್ಮವಿದ್ಯೆ ಅಲ್ಲ. ಡಾಟನ್ನು ಕಂಕುಳ ಹೊಲಿಗೆಯಲ್ಲಿ ಅಡಗಿಸಬೇಕು, ಭುಜ ಒಂದಿಂಚು ಒಳಕ್ಕೆ ತರಬೇಕು, ಬಾಯಿ ಬಿಡುವ ಜಾಗದಲ್ಲಿ ಒಳಗಡೆ ಒಂದು ಕಳ್ಳಗುಂಡಿ ಇಡಬೇಕು, ಸೀಟಿನ ಹತ್ತಿರ ಪಕ್ಕದ ಸೀಳು ಸ್ವಲ್ಪ ಏರಿಸಬೇಕು. ಇಷ್ಟಕ್ಕಾಗಿ ಅಮೆರಿಕದಲ್ಲಿ ಕಂಪನಿಗಳೇ ಹುಟ್ಟಿದವು. ಓಕ್‌ಲೆಂಡಿನಲ್ಲಿ ಮೇರಿ ಗೋಯಿಂಗ್ 2012ರಲ್ಲಿ ಜನರಿಂದ ಚಂದಾ ಎತ್ತಿ ‘ಸೇಂಟ್ ಹ್ಯಾರಿಡನ್’ ಆರಂಭಿಸಿದರು. ಅದು ಕೆಲವು ವರ್ಷ ನಡೆದು ಮುಚ್ಚಿತು. ಬ್ರೂಕ್ಲಿನ್‌ನಲ್ಲಿ ‘ಬಿಂಡಲ್ ಅಂಡ್ ಕೀಪ್’ ಎಂಬ ಸೂಟಿನ ಅಂಗಡಿಗೆ ರೇ ಟುಟೇರಾ ಸೇರಿದ ಮೇಲೆ ಅಲ್ಲಿಗೆ ಬರುವವರೇ ಬದಲಾದರು. 2016ರ ‘ಸೂಟೆಡ್’ ಸಾಕ್ಷ್ಯಚಿತ್ರ ಆ ಅಂಗಡಿಯದೇ ಕಥೆ. ಅದೇ ಬ್ರೂಕ್ಲಿನ್‌ನ ‘ಕಿರಿನ್ ಫಿಂಚ್’ ತನ್ನ ಹೆಸರಿನ ಅರ್ಧವನ್ನು ಎನಿಡ್ ಬ್ಲೈಟನ್‌ರ ‘ಫೇಮಸ್ ಫೈವ್’ ಕಥೆಗಳಿಂದ ಎತ್ತಿಕೊಂಡಿದೆ. ಜಾರ್ಜಿನಾ ಎಂದು ಕರೆದರೆ ಓಗೊಡದೆ, ಜಾರ್ಜ್ ಎಂದರೆ ಮಾತ್ರ ತಿರುಗುವ, ಕ್ರಾಪಿನ ಹುಡುಗಿ ಜಾರ್ಜ್ ಕಿರಿನ್ ಬೆಂಗಳೂರು, ಮೈಸೂರಿನ ಲೈಬ್ರರಿ ಮಕ್ಕಳಿಗೆ ಚೆನ್ನಾಗಿ ಗೊತ್ತು.

ಆದರೆ ಈ ಬಟ್ಟೆಗಳ ಬೆಲೆ ಕಾರ್ಖಾನೆಯಲ್ಲಿ ದುಡಿಯುವ ಹೆಂಗಸಿಗೆ ಎಟುಕುವಂಥದ್ದಲ್ಲ. ಇತ್ತ, ಒಂದುಗೂಡುವ ಜಾಗಗಳೂ ಕರಗಿವೆ: 1980ರ ದಶಕದಲ್ಲಿ ಅಮೆರಿಕದಲ್ಲಿ ಸುಮಾರು 200 ಲೆಸ್ಬಿಯನ್ ಬಾರುಗಳಿದ್ದವೆಂಬ ಅಂದಾಜಿದೆ, 2020ರ ಹೊತ್ತಿಗೆ ಉಳಿದದ್ದು ಇಪ್ಪತ್ತರ ಆಸುಪಾಸು.

ಕನ್ನಡದಲ್ಲಿ ಬುಚ್ ಹೆಂಗಸಿಗೆ ಹೆಸರಿಲ್ಲವೆಂದಲ್ಲ. ‘ಗಂಡುಬೀರಿ’ ಇದೆ. ಅದು ಗುರುತಿಸುವ ಪದವಲ್ಲ, ಗದರುವ ಪದ. ಜೋರಾಗಿ ನಕ್ಕವಳು, ಮರ ಹತ್ತಿದವಳು, ಎದುರು ಮಾತಾಡಿದವಳು, ಪ್ಯಾಂಟು ತೊಟ್ಟವಳು ಎಲ್ಲರೂ ಒಂದೇ ಬುಟ್ಟಿಗೆ. ಶೇಕ್ಸ್‌ಪಿಯರನ ನಾಟಕವೊಂದು ನಾಟಕಕಾರ ಪರ್ವತವಾಣಿಯವರ ಕೈಯಲ್ಲಿ ‘ಬಹದ್ದೂರ್ ಗಂಡ’ವಾಗಿ, 1989ರಲ್ಲಿ ‘ನಂಜುಂಡಿ ಕಲ್ಯಾಣ’ ಸಿನಿಮಾ ಆದಾಗ ಜನ ಮುಗಿಬಿದ್ದು ನೋಡಿದ್ದು ಅಂಥವಳೊಬ್ಬಳು ಮೆತ್ತಗಾಗುವುದನ್ನು. ಪಳಗದೆ, ಸೀರೆಗೆ ಮರಳದೆ, ತನ್ನ ಪಾಡಿಗೆ ತಾನು ಬಾಳಿದವಳಿಗೆ ಆ ಕಥೆಯಲ್ಲಿ ಜಾಗ ಇಲ್ಲ.

ಕಾನೂನು ಮುಂದೆ ಸಾಗಿದೆ. ಲಿಂಗದ ಗುರುತನ್ನು ಉಡುಪಿನಿಂದ ತೋರಿಸಿಕೊಳ್ಳುವುದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು ಸುಪ್ರೀಂ ಕೋರ್ಟ್ ಟ್ರಾನ್ಸ್‌ಜೆಂಡರ್ ಹಕ್ಕುಗಳ ಕುರಿತ 2014ರ ನಾಲ್ಸಾ ತೀರ್ಪಿನಲ್ಲಿ ಹೇಳಿತು. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದದ್ದು 2018ರ ಸೆಪ್ಟೆಂಬರ್ 6ರಂದು, ಪೊಲೀಸ್ ಸೀರೆ ಹೋಗುವುದಕ್ಕೆ ಒಂದೇ ತಿಂಗಳು ಮೊದಲು. 2008ರಿಂದ ಬೆಂಗಳೂರಿನಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಪ್ರೈಡ್ ಮೆರವಣಿಗೆ ನಡೆಯುತ್ತಿದೆ. ಮೆರವಣಿಗೆ ವರ್ಷಕ್ಕೊಮ್ಮೆ; ಬಟ್ಟೆ ದಿನಾ ಬೇಕು.

ಇಲ್ಲಿ ಕನ್ನಡನಾಡಿಗೆ ಅಮೆರಿಕಕ್ಕಿಲ್ಲದ ಒಂದು ಅನುಕೂಲ ಇದೆ: ಬೀದಿಗೊಬ್ಬ ಟೈಲರ್. ಅಲ್ಲಿ ಕಂಪನಿ ಕಟ್ಟಿ ಮಾಡಬೇಕಾದ್ದನ್ನು ಇಲ್ಲಿ ಒಂದು ಉಷಾ ಮಿಷನ್ನು ಮಾಡೀತು. ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಹೊರದೇಶದ ಗಂಡಸರ ಶರ್ಟಿಗೆ ದಿನವಿಡೀ ಕಾಲರು, ಕಫ್ ಕೂಡಿಸುವ ಬಹುಪಾಲು ಕೈಗಳು ಹೆಂಗಸರವೇ, ಕೌಶಲಕ್ಕೆ ಬರವಿಲ್ಲ. ಅಡ್ಡ ನಿಂತಿರುವುದು ಅಂಗಡಿಯ ಬೋರ್ಡು. ಜೆಂಟ್ಸ್ ಟೈಲರ್ ಹೆಂಗಸಿನ ಎದೆಯ ಅಳತೆ ತೆಗೆಯಲು ಮುಜುಗರಪಡುತ್ತಾನೆ. ಲೇಡೀಸ್ ಟೈಲರ್ ಕೇಳಿದ್ದಕ್ಕಿಂತ ಒಂದು ಡಾಟ್ ಜಾಸ್ತಿಯೇ ಹಾಕಿ, ‘ಹೀಗಿದ್ರೇ ಚೆಂದ ಕಾಣೋದು’ ಎನ್ನುತ್ತಾಳೆ. ಟೈಲರಿಂಗ್ ಕಲಿಸುವ ಕಡೆ ಹೆಣ್ಣು ಮೈಗೆ ಗಂಡು ಕಟಿಂಗ್ ಎಂಬ ಒಂದು ಪಾಠ ಸೇರಿಸಬಹುದು. ಅಂಗಡಿಯಲ್ಲಿ ಯಾರಿಗೆ, ಯಾತಕ್ಕೆ ಎಂದು ಕೇಳದೆ ಅಳತೆ ಬರೆದುಕೊಳ್ಳಬಹುದು.

ಹೆಂಗಸರಿಗೆ ಹೊಲಿಸುವುದರ ಗುಟ್ಟು ಗೊತ್ತೇ ಇದೆ: ಸರಿಯಾಗಿ ಕೂತ ಹಳೆಯ ರವಿಕೆಯೊಂದನ್ನು ‘ಅಳತೆ ಬ್ಲೌಸ್’ ಎಂದು ಕೊಟ್ಟುಬಿಟ್ಟರೆ ಟೇಪು ಹಿಡಿಯುವ ಕೆಲಸವೇ ಇಲ್ಲ. ಬುಚ್ ಹೆಂಗಸಿಗೆ ಅಳತೆಗೆ ಕೊಡಲು ಶರ್ಟಿಲ್ಲ, ಏಕೆಂದರೆ ಅವಳಿಗೆ ಸರಿಯಾಗಿ ಕೂತ ಶರ್ಟು ಇದುವರೆಗೆ ಒಂದೂ ಸಿಕ್ಕಿಲ್ಲ. ಹಾಗಾಗಿ ತ್ರಾಸವೆಲ್ಲ ಮೊದಲನೆಯದಕ್ಕೇ. ಎರಡು ಸಲ ಟ್ರಯಲ್, ಒಂದು ಸಲ ಬಿಚ್ಚಿ ಮತ್ತೆ ಹೊಲಿಗೆ, ಕಾಜಾ ಹಾಕುವ ಮುನ್ನ ಬಲಕ್ಕೋ ಎಡಕ್ಕೋ ಎಂದು ಇನ್ನೊಮ್ಮೆ ಕೇಳುವುದು. ಅದೊಂದು ಸರಿಯಾಗಿ ಕೂತರೆ, ಮುಂದಿನ ದೀಪಾವಳಿಗೆ ಅದನ್ನೇ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದು ಕೌಂಟರಿನ ಮೇಲಿಟ್ಟು, ‘ಇದೇ ಅಳತೆ ಮಾಸ್ಟ್ರೇ, ಇನ್ನೆರಡು’ ಎನ್ನಬಹುದು.