ಚಾರ್ಜ್ ಮಾಡೋ ಪೆನ್ಸಿಲ್ ಸೆಲ್ ನಮ್ಮ ಬೀದಿಯ ಅಂಗಡಿಯಲ್ಲೇ ಸಿಗಲಿ!

ಬಡಾವಣೆಯ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಅಂಗಡಿ ಮಾಲೀಕರೇ,

ಈ ವಾರ ಅಂಗಡಿಗೆ ಹೋದಾಗ ಬೇಳೆ, ಎಣ್ಣೆ, ಸೋಪಿನ ಜೊತೆ ಇದನ್ನೂ ಕೇಳಿ: “ಚಾರ್ಜ್ ಮಾಡೋ ಪೆನ್ಸಿಲ್ ಸೆಲ್ ಇದೆಯಾ?” ಇಲ್ಲ ಎಂದರೆ ಸುಮ್ಮನೆ ವಾಪಸು ಬರಬೇಡಿ. “ತರಿಸಿಡಿ, ನಾವು ತಗೋತೀವಿ” ಎಂದು ಹೇಳಿ ಬನ್ನಿ. ಒಬ್ಬರು ಕೇಳಿದರೆ ಅಂಗಡಿಯವರು ಮರೆತುಬಿಡುತ್ತಾರೆ. ಒಂದೇ ವಾರದಲ್ಲಿ ಇಪ್ಪತ್ತು ಜನ ಕೇಳಿದರೆ, ಡಿಸ್ಟ್ರಿಬ್ಯೂಟರ್ ಕಡೆಯ ಹುಡುಗ ಆರ್ಡರ್ ಬರೆದುಕೊಳ್ಳಲು ಬಂದಾಗ ಆ ಮಾತು ತಾನಾಗಿ ಬಾಯಿಗೆ ಬರುತ್ತದೆ.

ಬೆಂಗಳೂರಿನ ಯಾವ ಬಡಾವಣೆಯ ಅಂಗಡಿಯಲ್ಲಾದರೂ ಗಲ್ಲಾಪೆಟ್ಟಿಗೆಯ ಮೇಲ್ಗಡೆ ನೋಡಿ. ಶಾಂಪೂ ಸ್ಯಾಷೆಗಳ ಮಾಲೆಯ ಪಕ್ಕದಲ್ಲಿ ಸೆಲ್ಲಿನ ಹಾಳೆ ನೇತಾಡುತ್ತಿರುತ್ತದೆ. ಅಂಗಡಿಯವರು ಕತ್ತರಿಯಲ್ಲಿ ಎರಡು ಕತ್ತರಿಸಿ ಕೊಡುತ್ತಾರೆ, ನಾವು ಹತ್ತಿಪ್ಪತ್ತು ರೂಪಾಯಿಯ ಮಾತು ಎಂದು ಕೊಟ್ಟು ಬರುತ್ತೇವೆ. ಸ್ವಲ್ಪ ದಿನಕ್ಕೆ ಮತ್ತೆ ಅದೇ. ಟಿ.ವಿ. ರಿಮೋಟು, ಬಿ.ಪಿ. ನೋಡುವ ಯಂತ್ರ, ಕಂಪ್ಯೂಟರಿನ ಮೌಸು, ವೈರಿಲ್ಲದ ಕಾಲಿಂಗ್ ಬೆಲ್ಲು, ಮಗುವಿನ ಕಾರು, ಭಜನಾ ಮಂಡಳಿಯ ಕಾರ್ಡ್‌ಲೆಸ್ ಮೈಕು, ಎಲ್ಲಕ್ಕೂ ಅದೇ ಸೆಲ್ಲು. ಒಂದೊಂದಾಗಿ ಕೊಂಡಾಗ ಖರ್ಚು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಒಂದು ಸಲ ಕೂತು ಲೆಕ್ಕ ಹಾಕಬೇಕು.

ಮಗುವಿನ ಕಾರಿಗೆ ನಾಲ್ಕು ಸೆಲ್ ಬೇಕು, ಎರಡು ವಾರಕ್ಕೊಮ್ಮೆ ಬದಲಿಸಬೇಕು ಎಂದಿಟ್ಟುಕೊಳ್ಳಿ. ಒಂದಕ್ಕೆ 15 ರೂಪಾಯಿ ಹಿಡಿದರೂ ತಿಂಗಳಿಗೆ 120, ವರ್ಷಕ್ಕೆ 1,440 ರೂಪಾಯಿ. ಇದು ಒಂದೇ ಒಂದು ಆಟಿಕೆಯ ಖರ್ಚು! ಇದೇ ಜಾಗಕ್ಕೆ ಚಾರ್ಜ್ ಮಾಡುವ ನಾಲ್ಕು ಸೆಲ್ ತಂದಿರಿ, 500 ರೂಪಾಯಿ ಆಯಿತು, ಚಾರ್ಜರಿಗೆ ಇನ್ನೊಂದು 500 ಆಯಿತು ಎನ್ನಿ. ಒಂಬತ್ತನೇ ತಿಂಗಳಿಗೆ ಹಾಕಿದ ದುಡ್ಡು ಪೂರಾ ವಾಪಸು. ಆಮೇಲೆ ಅದೇ ಚಾರ್ಜರು, ಅದೇ ಸೆಲ್ಲು. ಪ್ಯಾಕೆಟ್ಟಿನ ಮೇಲೆ ಐನೂರು ಸಲ, ಸಾವಿರ ಸಲ ಚಾರ್ಜ್ ಆಗುತ್ತದೆ ಎಂದು ಬರೆದಿರುತ್ತಾರೆ. ನಮ್ಮ ಮನೆಗಳಲ್ಲಿ ಅಷ್ಟು ಬರದೆ ಇನ್ನೂರೇ ಸಲ ಬಂದರೂ ನಾಲ್ಕು ಸೆಲ್ಲಿನಿಂದ ಎಂಟುನೂರು ಸೆಲ್ ಕಸಕ್ಕೆ ಬೀಳುವುದು ತಪ್ಪುತ್ತದೆ.

ಕರೆಂಟ್ ಬಿಲ್ಲಿನ ಚಿಂತೆ ಬೇಡ. 2000 ಎಂ.ಎ.ಎಚ್. ಸಾಮರ್ಥ್ಯದ ಒಂದು ಸೆಲ್ಲಿನಲ್ಲಿ ಹಿಡಿಯುವುದು ಎರಡೂವರೆ ವ್ಯಾಟ್-ಗಂಟೆಯಷ್ಟು ವಿದ್ಯುತ್ತು, ಒಂದು ಯೂನಿಟ್ ಎಂದರೆ ಸಾವಿರ ವ್ಯಾಟ್-ಗಂಟೆ. ಚಾರ್ಜರಿನಲ್ಲಿ ಪೋಲಾಗುವುದನ್ನು ಧಾರಾಳವಾಗಿ ಸೇರಿಸಿದರೂ ಒಂದು ಯೂನಿಟ್ಟಿನಲ್ಲಿ ನಾಲ್ಕು ಸೆಲ್ಲನ್ನು ಇಪ್ಪತ್ತು ಸಲ ತುಂಬಬಹುದು.

ಇಷ್ಟು ಲಾಭವಿದ್ದರೂ ಅಂಗಡಿಯಲ್ಲಿ ಯಾಕೆ ಸಿಗುವುದಿಲ್ಲ? ಅಂಗಡಿಯವರನ್ನು ದೂರುವುದು ನ್ಯಾಯವಲ್ಲ. ನೇತಾಡುವ ಹಾಳೆಯ ಸೆಲ್ಲು ಬೆಳಿಗ್ಗೆ ತಂದರೆ ಸಂಜೆಗೆ ಕಾಸಾಗುತ್ತದೆ. ಚಾರ್ಜ್ ಮಾಡುವ ಸೆಲ್ಲಿನ ಪ್ಯಾಕೆಟ್ ತಂದರೆ ನಾನೂರು, ಐನೂರು ರೂಪಾಯಿ ಮೊಳೆಗೆ ನೇತುಬಿದ್ದಂತೆ, ಧೂಳು ಹಿಡಿಯುತ್ತಾ ಕೂರುತ್ತದೆ. “ಯಾರೂ ಕೇಳಲ್ಲ ಸಾರ್” ಎನ್ನುತ್ತಾರೆ, ಆ ಮಾತು ನಿಜ. ಅಂಗಡಿಯಲ್ಲಿ ಕಾಣದ್ದಕ್ಕೆ ನಾವು ಕೇಳುವುದಿಲ್ಲ, ನಾವು ಕೇಳದ್ದಕ್ಕೆ ಅವರು ತರಿಸುವುದಿಲ್ಲ. ಬೇಕೆಂದವರು ಎಸ್.ಪಿ. ರಸ್ತೆಗೆ ಹೋಗಬೇಕು, ಇಲ್ಲವೇ ಫೋನಿನಲ್ಲಿ ತರಿಸಿಕೊಳ್ಳಬೇಕು. ಬಿ.ಪಿ. ಯಂತ್ರಕ್ಕೆ ನಾಲ್ಕು ಸೆಲ್ ಬೇಕಾದ ಮೊಣಕಾಲು ನೋವಿನ ಅಜ್ಜಿ ಎಸ್.ಪಿ. ರಸ್ತೆಯ ಜನಜಂಗುಳಿಯಲ್ಲಿ ಅಂಗಡಿ ಅಂಗಡಿ ಹತ್ತಿ ಇಳಿಯಬೇಕೇ? ಅವರ ಮನೆಯಿಂದ ನಾಲ್ಕು ಹೆಜ್ಜೆಯ ಅಂಗಡಿಯಲ್ಲೇ ಸಿಗಬೇಕು.

ಈ ಪದ್ಧತಿ ಬದಲಿಸಲು ಆಗದ್ದೇನಲ್ಲ. ಐಕಿಯಾ ಸಂಸ್ಥೆ ಬಳಸಿ ಬಿಸಾಡುವ ಆಲ್ಕಲೈನ್ ಸೆಲ್ಲುಗಳನ್ನು 2021ರಲ್ಲಿ ಜಗತ್ತಿನಾದ್ಯಂತ ತನ್ನ ಮಳಿಗೆಗಳಿಂದ ತೆಗೆಯಲು ತೀರ್ಮಾನಿಸಿ, ಚಾರ್ಜ್ ಮಾಡುವ ಸೆಲ್ಲುಗಳನ್ನು ಮುಂದಿಟ್ಟಿತು. ಅಷ್ಟು ದೊಡ್ಡ ವ್ಯಾಪಾರಿಗೆ ಸಾಧ್ಯವಾದದ್ದು ನಮ್ಮ ಬೀದಿಗೆ ಬೇರೆ ದಾರಿಯಲ್ಲಿ ಸಾಧ್ಯ. ಹಾಳೆಯನ್ನು ಕಿತ್ತುಹಾಕಿ ಎಂದು ನಾವು ಯಾರಿಗೂ ಹೇಳುತ್ತಿಲ್ಲ. ಅದರ ಪಕ್ಕದ ಮೊಳೆಗೆ ಇದೂ ಎರಡು ಪ್ಯಾಕೆಟ್ ಇರಲಿ ಎನ್ನುತ್ತಿದ್ದೇವೆ.

ಕೊಳ್ಳುವಾಗ ಸೆಲ್ಲಿನ ಮೈಮೇಲಿನ ಸಣ್ಣ ಅಕ್ಷರ ಓದಿ. ಬೆಳಕಿಗೆ ಹಿಡಿದು, ಬೇಕಾದರೆ ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ. ‘ಆರ್6’ ಎಂದಿದ್ದರೆ ಅದು ಮಾಮೂಲಿ ಜಿಂಕ್-ಕಾರ್ಬನ್ ಸೆಲ್. ‘ಎಲ್‌ಆರ್6’ ಎಂದರೆ ಆಲ್ಕಲೈನ್, ಬಾಳಿಕೆ ಹೆಚ್ಚು, ಆದರೂ ಬಿಸಾಡುವಂಥದ್ದೇ. ‘ಎಚ್‌ಆರ್6’ ಎಂದಿದ್ದರೆ ನಿಕಲ್-ಮೆಟಲ್ ಹೈಡ್ರೈಡ್, ನಮಗೆ ಬೇಕಾದದ್ದು ಇದು. ರಿಮೋಟಿಗೆ ಹಾಕುವ ಸಣ್ಣ ಸೆಲ್ಲಾದರೆ ‘ಎಚ್‌ಆರ್03’. ಭಾರತದಲ್ಲಿ ಮಾರುವ ಇಂಥ ಸೆಲ್ಲುಗಳಿಗೆ ಬಿ.ಐ.ಎಸ್. ನೋಂದಣಿ ಕಡ್ಡಾಯ, ಅದರ ಮಾನದಂಡ ಐ.ಎಸ್. 16046. ‘ಆರ್-’ ಎಂದು ಶುರುವಾಗುವ ನೋಂದಣಿ ಸಂಖ್ಯೆ ನಿಜವೋ ಅಲ್ಲವೋ ಎಂದು ಬಿ.ಐ.ಎಸ್. ಕೇರ್ ಆ್ಯಪಿನಲ್ಲಿ ಹಾಕಿ ನೋಡಬಹುದು.

ದೊಡ್ಡ ದೊಡ್ಡ ಅಂಕಿಗೆ ಮರುಳಾಗಬೇಡಿ. ಪೆನ್ಸಿಲ್ ಸೆಲ್ಲಿನ ಗಾತ್ರದೊಳಗೆ ನಿಕಲ್-ಮೆಟಲ್ ಹೈಡ್ರೈಡ್ ತಂತ್ರದಲ್ಲಿ ತುಂಬಲು ಸಾಧ್ಯವಿರುವುದು 2500, ಹೆಚ್ಚೆಂದರೆ 2700 ಎಂ.ಎ.ಎಚ್. ಅಷ್ಟೇ. ನಾಲ್ಕು ಸಾವಿರ, ಐದು ಸಾವಿರ ಎಂದು ಅಚ್ಚು ಹಾಕಿದ್ದರೆ ಅದು ಸುಳ್ಳು, ಮುಟ್ಟಲೇಬೇಡಿ. ಮನೆಗೆ 2000 ಎಂ.ಎ.ಎಚ್. ಆಸುಪಾಸಿನದು ಸಾಕು, ಬಾಳಿಕೆಯೂ ಚೆನ್ನ. ಪ್ಯಾಕೆಟ್ಟಿನ ಮೇಲೆ ‘ಪ್ರೀ-ಚಾರ್ಜ್ಡ್’ ಅಥವಾ ‘ರೆಡಿ ಟು ಯೂಸ್’ ಎಂದಿದ್ದರೆ ಅದನ್ನೇ ಆರಿಸಿಕೊಳ್ಳಿ. ಹಿಂದೆ ಚಾರ್ಜ್ ಸೆಲ್ ತಂದು ಬೇಸತ್ತವರು ನಮ್ಮಲ್ಲಿ ಅನೇಕರಿದ್ದಾರೆ. ತುಂಬಿ ಡ್ರಾಯರಿನಲ್ಲಿಟ್ಟರೆ ತಿಂಗಳೆರಡು ತಿಂಗಳಲ್ಲಿ ತಾನಾಗಿಯೇ ಖಾಲಿಯಾಗುತ್ತಿತ್ತು. ಆ ದೂರಿಗೆ ಪರಿಹಾರ ಸಿಕ್ಕಿ ಬಹಳ ಕಾಲವಾಯಿತು. ಜಪಾನಿನ ಸ್ಯಾನ್ಯೋ ಕಂಪನಿ 2005ರಲ್ಲಿ ಎನಿಲೂಪ್ ಎಂಬ ಸೆಲ್ ತಂದಿತು, ಸುಮ್ಮನೆ ಇಟ್ಟರೂ ವರ್ಷದ ಕೊನೆಗೆ ಬಹುಪಾಲು ಚಾರ್ಜ್ ಅದರಲ್ಲಿ ಉಳಿಯುತ್ತಿತ್ತು. ‘ಪ್ರೀ-ಚಾರ್ಜ್ಡ್’ ಎಂದು ಬರೆದಿರುವ ಆ ಬಗೆಯ ಸೆಲ್ಲುಗಳನ್ನು ಈಗ ಬೇರೆ ಕಂಪನಿಗಳೂ ಮಾಡುತ್ತವೆ, ಬೆಲೆಯೂ ಬೇರೆ ಬೇರೆ. ಹಳೆಯ ಬೇಸರವನ್ನು ಹೊಸ ಸೆಲ್ಲಿನ ಮೇಲೆ ಹೊರಿಸಬೇಡಿ.

“ಇದು 1.2 ವೋಲ್ಟ್, ಮಾಮೂಲಿ ಸೆಲ್ 1.5 ವೋಲ್ಟ್, ಕೆಲಸ ಮಾಡುತ್ತಾ?” ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಮಾಮೂಲಿ ಸೆಲ್ 1.5ರಲ್ಲಿ ಶುರುವಾದರೂ ಬಳಸುತ್ತಾ ಹೋದಂತೆ ಇಳಿಯುತ್ತಲೇ ಇರುತ್ತದೆ. ಚಾರ್ಜ್ ಸೆಲ್ ಖಾಲಿಯಾಗುವ ಹೊತ್ತಿನವರೆಗೂ 1.2ರ ಸುತ್ತಮುತ್ತಲೇ ಗಟ್ಟಿಯಾಗಿ ನಿಲ್ಲುತ್ತದೆ. ಕಾರು, ಮೈಕು, ಕ್ಯಾಮೆರಾ ಫ್ಲ್ಯಾಶಿನಂಥ ಜೋರಾಗಿ ಕರೆಂಟ್ ಎಳೆಯುವ ಸಾಮಾನುಗಳಲ್ಲಿ ಗೆಲ್ಲುವುದು ಇದೇ. ಕೆಲವು ಯಂತ್ರಗಳು ಬೇಗನೆ ‘ಬ್ಯಾಟರಿ ಕಡಿಮೆ’ ಎಂದು ತೋರಿಸಬಹುದು, ಅಂಥ ಕಡೆ ಬೇಡ. ಬಿ.ಪಿ. ಯಂತ್ರಕ್ಕೆ ಹಾಕುವ ಮುಂಚೆ ಅದರ ಜೊತೆ ಬಂದ ಪುಸ್ತಿಕೆಯನ್ನು ಒಮ್ಮೆ ನೋಡಿ. ಗೋಡೆ ಗಡಿಯಾರಕ್ಕಂತೂ ಇದರ ಅಗತ್ಯವೇ ಇಲ್ಲ. ಒಂದು ಮಾಮೂಲಿ ಸೆಲ್ಲಿನಲ್ಲಿ ವರ್ಷ ನಡೆಯುವ ಗಡಿಯಾರಕ್ಕೆ ದುಬಾರಿ ಸೆಲ್ ಹಾಕಿ ಕೂರಿಸುವುದು ದಂಡ. ಗ್ಯಾಸ್ ಗೀಸರಿನ ದಪ್ಪ ಸೆಲ್ಲಿನ ತಂಟೆಗೂ ಈಗ ಹೋಗುವುದು ಬೇಡ. ಪೆನ್ಸಿಲ್ ಸೆಲ್ಲು, ರಿಮೋಟಿನ ಸಣ್ಣ ಸೆಲ್ಲು, ಇವೆರಡು ಮೊದಲು ಬರಲಿ.

ಚಾರ್ಜರಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ತುಂಬಿದ ಮೇಲೆ ತಾನಾಗಿಯೇ ನಿಲ್ಲುವ, ಪ್ರತಿ ಸೆಲ್ಲಿಗೂ ಬೇರೆ ದೀಪವಿರುವ ಚಾರ್ಜರ್ ತೆಗೆದುಕೊಳ್ಳಿ. ತೀರಾ ಅಗ್ಗದವು ತುಂಬಿದ ಮೇಲೂ ಕರೆಂಟ್ ತಳ್ಳುತ್ತಲೇ ಇರುತ್ತವೆ, ಸೆಲ್ ಬಿಸಿಯಾಗಿ ಆಯಸ್ಸು ಕಳೆದುಕೊಳ್ಳುತ್ತದೆ. ಅಂಥದ್ದು ಈಗಾಗಲೇ ಮನೆಯಲ್ಲಿದ್ದರೆ ಹಿಂಬದಿಯಲ್ಲಿ ಬರೆದಿರುವ ಗಂಟೆ ನೋಡಿ ಸರಿಯಾಗಿ ತೆಗೆಯಿರಿ. ಇನ್ನೊಂದನ್ನು ಮನೆಯ ಮಕ್ಕಳಿಗೂ ಕೆಲಸದವರಿಗೂ ತಿಳಿಸಿ ಹೇಳಿ: ಮಾಮೂಲಿ ಸೆಲ್ಲನ್ನು ಯಾವ ಕಾರಣಕ್ಕೂ ಚಾರ್ಜರಿಗೆ ಹಾಕಬಾರದು. ಅದು ಸೋರುತ್ತದೆ, ಸಿಡಿಯಲೂಬಹುದು.

ಸೋರುವುದು ಎಂದಾಗ, ನಿಮ್ಮ ಮನೆಯ ಹಳೆಯ ರಿಮೋಟಿನ ಹಿಂಬದಿ ಮುಚ್ಚಳವನ್ನೊಮ್ಮೆ ತೆಗೆದು ನೋಡಿ. ಸ್ಪ್ರಿಂಗಿನ ಸುತ್ತ ಬಿಳಿ ಪುಡಿಯೋ ಕಂದು ಕಲೆಯೋ ಕಂಡರೆ ಅದು ಸೋರಿದ ಸೆಲ್ಲಿನ ಕೆಲಸ. ಜಿಂಕ್-ಕಾರ್ಬನ್ ಸೆಲ್ಲಿನಲ್ಲಿ ಹೊರಗಿನ ಸತುವಿನ ಡಬ್ಬಿಯೇ ವಿದ್ಯುತ್ತಿಗಾಗಿ ಸವೆಯುತ್ತದೆ. ಸವೆದು ಸವೆದು ತೂತಾದಾಗ ಒಳಗಿನದು ಹೊರಗೆ ಬರುತ್ತದೆ. ಸಾವಿರಾರು ರೂಪಾಯಿಯ ಬಿ.ಪಿ. ಯಂತ್ರ ಹದಿನೈದು ರೂಪಾಯಿಯ ಸೆಲ್ಲಿನಿಂದ ಹಾಳಾಗುವುದು ಹೀಗೆ.

ಆಮೇಲೆ ಆ ಸೆಲ್ಲು ಎಲ್ಲಿಗೆ ಹೋಗುತ್ತದೆ? ಹಸಿ ಕಸದ ಬುಟ್ಟಿಗೋ ಖಾಲಿ ಸೈಟಿಗೋ. ಘನತ್ಯಾಜ್ಯ ನಿರ್ವಹಣಾ ನಿಯಮ 2016ರಲ್ಲೇ ಬಳಸಿದ ಬ್ಯಾಟರಿಯನ್ನು ಮನೆಯ ಅಪಾಯಕಾರಿ ಕಸದ ಪಟ್ಟಿಗೆ ಸೇರಿಸಲಾಗಿತ್ತು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮ ಇನ್ನೂ ಮುಂದೆ ಹೋಗಿದೆ. ಅದಕ್ಕೆ ಮುಂಚಿನ 2001ರ ನಿಯಮ ಸೀಸದ ಬ್ಯಾಟರಿಗಳಿಗಷ್ಟೇ ಅನ್ವಯಿಸುತ್ತಿತ್ತು. ಈಗ ಪೆನ್ಸಿಲ್ ಸೆಲ್ಲಿನಂಥ ಸಣ್ಣ ಬ್ಯಾಟರಿಗಳೂ ಅದರೊಳಗೆ ಬಂದಿವೆ, ಹಳೆಯದನ್ನು ವಾಪಸು ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದೇ ಎಂದು ನಿಯಮ ಹೇಳುತ್ತದೆ. ಬೇರೆ ಕಸದೊಂದಿಗೆ ಬೆರೆಸದೆ ಕೊಡುವ ಹೊಣೆ ನಮ್ಮದು. ಚಾರ್ಜ್ ಸೆಲ್ಲೂ ಒಂದು ದಿನ ಸಾಯುತ್ತದೆ, ಅದಕ್ಕೂ ಇದೇ ದಾರಿ. ಹಳೆಯ ಸೆಲ್ ಹಾಕಲು ಅಂಗಡಿಯಲ್ಲಿ ಒಂದು ಡಬ್ಬಿ ಇಡಲು ಒಪ್ಪುವ ಮಾಲೀಕರು ನಮಗೆ ತಿಳಿಸಿ, ಡಬ್ಬಿ ನಾವು ಕೊಡುತ್ತೇವೆ, ತುಂಬಿದಾಗ ಒಣ ಕಸ ಸಂಗ್ರಹ ಕೇಂದ್ರದವರೊಂದಿಗೆ ಮಾತಾಡುವ ಓಡಾಟವೂ ನಮ್ಮದೇ.

ಬೆಲೆಯ ಮಾತಿಗೆ ಬರೋಣ, ಏಕೆಂದರೆ ನಿಜವಾದ ತೊಡಕು ಅಲ್ಲಿದೆ. ದಿನಗೂಲಿಯ ಮನೆಯಲ್ಲಿ ಒಂದೇ ಸಲ ಸಾವಿರ ರೂಪಾಯಿ ಎತ್ತಿಡುವುದು ಸುಲಭವಲ್ಲ. ವರ್ಷಕ್ಕೆ ಉಳಿತಾಯ ಎಂದು ಹೇಳಿದ ಮಾತ್ರಕ್ಕೆ ಇವತ್ತಿನ ಜೇಬಿಗೆ ದುಡ್ಡು ಬರುವುದಿಲ್ಲ. ಅದಕ್ಕೆ ನಮ್ಮ ಸಲಹೆ ಇದು. ಎರಡು ಮೂರು ಮನೆ ಸೇರಿ ಒಂದು ಚಾರ್ಜರ್ ತನ್ನಿ, ಸೆಲ್ ಮಾತ್ರ ಅವರವರದ್ದು. ವಠಾರದಲ್ಲಿ ಇರುವವರಿಗೆ ಇದು ಕಷ್ಟವೇ ಅಲ್ಲ. ಸ್ತ್ರೀಶಕ್ತಿ ಸಂಘದ ಅಕ್ಕಂದಿರು ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ, ಸಂಘದ ಉಳಿತಾಯದಿಂದ ಕೊಂಡು ಕಂತಿನಲ್ಲಿ ತೀರಿಸಬಹುದು. ತಯಾರಕರಿಗೂ ಡಿಸ್ಟ್ರಿಬ್ಯೂಟರುಗಳಿಗೂ ನಮ್ಮ ಬೇಡಿಕೆ ಸ್ಪಷ್ಟ: ಎರಡೇ ಸೆಲ್ಲಿನ ಪ್ಯಾಕೆಟ್ ಬೀದಿ ಅಂಗಡಿಗೂ ಕಳಿಸಿ. ಚಾರ್ಜರ್ ಇರುವವರಿಗೆ ಮತ್ತೊಂದು ಚಾರ್ಜರ್ ಕಟ್ಟಿ ಮಾರಬೇಡಿ.

ಅಂಗಡಿ ಮಾಲೀಕರೇ, ನಿಮ್ಮ ಬಂಡವಾಳ ಮೊಳೆಗೆ ನೇತುಬೀಳಬಾರದು ಎಂಬುದು ನಮಗೂ ಗೊತ್ತು. ಅದಕ್ಕೇ ಮನೆ ಮನೆಯಿಂದ ಎಷ್ಟು ಬೇಕೆಂದು ಬರೆಸಿಕೊಂಡು, ಪಟ್ಟಿ ಮತ್ತು ಅರ್ಧ ಮುಂಗಡ ಹಣದೊಂದಿಗೆ ನಿಮ್ಮ ಬಳಿಗೇ ಬರುತ್ತೇವೆ. ಬಾಕ್ಸ್ ಲೆಕ್ಕದಲ್ಲಿ ತರಿಸಿದರೆ ನಿಮಗೆ ಸಿಗುವ ರಿಯಾಯಿತಿಯಲ್ಲಿ ನಮಗೂ ಒಂದಿಷ್ಟು ಬಿಡಿ. ಬಿಲ್ ಕೊಡಿ. ಪ್ಯಾಕೆಟ್ಟಿನ ಮೇಲೆ ಎಂ.ಆರ್.ಪಿ., ತಯಾರಾದ ತಿಂಗಳು-ವರ್ಷ ಇಲ್ಲದ ಮಾಲನ್ನು ನೀವೇ ವಾಪಸು ಕಳಿಸಿ. ಎಂ.ಆರ್.ಪಿ.ಗಿಂತ ಹೆಚ್ಚು ಕೇಳಿದರೆ, ನಕಲಿ ಕೊಟ್ಟರೆ, ಗ್ರಾಹಕರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ನಮ್ಮ ಬೀದಿಯಲ್ಲಿ ಅದರ ಅಗತ್ಯ ಬೀಳದು ಎಂಬ ನಂಬಿಕೆಯಿಂದಲೇ ನಿಮ್ಮ ಹತ್ತಿರ ಬರುತ್ತಿದ್ದೇವೆ.

ಬರುವ ಶನಿವಾರ ಸಂಜೆ ಐದೂವರೆಗೆ ಪಾರ್ಕಿನ ಗೇಟಿನ ಬಳಿ ಸೇರೋಣ. ಯಾವ ಸೆಲ್ ಯಾವುದಕ್ಕೆ ಆಗುತ್ತದೆ ಎಂದು ಅಲ್ಲೇ ತೋರಿಸುತ್ತೇವೆ, ನಿಮ್ಮ ಆಟಿಕೆ, ಮೈಕು ತಂದರೆ ಹಾಕಿ ನೋಡಬಹುದು. ಡ್ರಾಯರಿನಲ್ಲಿ ಬಿದ್ದಿರುವ ಹಳೆಯ ಸೆಲ್ಲುಗಳನ್ನು ತುದಿಗೆ ಟೇಪು ಸುತ್ತಿ ಒಂದು ಕವರಿನಲ್ಲಿ ತನ್ನಿ. ಒಂದು ಚೀಟಿಯಲ್ಲಿ ಮನೆ ನಂಬರು, ದೊಡ್ಡ ಪೆನ್ಸಿಲ್ ಸೆಲ್ ಎಷ್ಟು, ಸಣ್ಣದು ಎಷ್ಟು, ಚಾರ್ಜರ್ ಬೇಕೋ ಬೇಡವೋ ಬರೆದು ಕೊಡಿ. ಬರಲಾಗದವರು ಚೀಟಿಯನ್ನು ನೀವು ದಿನಾ ಹೋಗುವ ಅಂಗಡಿಯಲ್ಲೇ ಕೊಟ್ಟುಬಿಡಿ, ಭಾನುವಾರ ಬೆಳಿಗ್ಗೆ ಅಲ್ಲಿಂದ ಸಂಗ್ರಹಿಸಿಕೊಳ್ಳುತ್ತೇವೆ.

ಓದಿದ ಮೇಲೆ ಈ ಹಾಳೆಯನ್ನು ಪಕ್ಕದ ಮನೆಗೆ ಕೊಡಿ.

— ನಿಮ್ಮ ಬಡಾವಣೆಯ ಗ್ರಾಹಕರು